ಝೀರೋ-ಡೇ: ಸೊನ್ನೆ ಯಾರ ಲೆಕ್ಕದ್ದು?

ಓಟಿಪಿ ಕೇಳಿ ಪಡೆದು ಖಾತೆಯಿಂದ ಹಣ ಲಪಟಾಯಿಸಿದ ಪ್ರಕರಣವೊಂದನ್ನು ‘ಝೀರೋ-ಡೇ ದಾಳಿ’ ಎಂದು ಬಣ್ಣಿಸಿದ್ದ ಬರಹವನ್ನು ಓದಿದ ಮೇಲೆ ಈ ಟಿಪ್ಪಣಿಯನ್ನು ಇನ್ನು ಮುಂದೂಡುವುದು ಸಾಧ್ಯವಾಗಲಿಲ್ಲ. ತಂತ್ರಾಂಶದಲ್ಲಿ ಯಾವ ಲೋಪವೂ ಇಲ್ಲದಿರುವಾಗ, ಮನುಷ್ಯರನ್ನು ನಂಬಿಸಿ ನಡೆಸಿದ ವಂಚನೆಗೆ ಈ ಪದ ಹೇಗೂ ಸಲ್ಲುವುದಿಲ್ಲ. ಅದನ್ನು ಅಲ್ಲಿಗೇ ಬಿಡೋಣ. ಹೆಚ್ಚು ಗೊಂದಲ ಹುಟ್ಟಿಸಿರುವುದು ಇನ್ನೊಂದು ರೂಢಿ: ಸುದ್ದಿಯಾದ, ಭಯ ಹುಟ್ಟಿಸಿದ ಪ್ರತಿಯೊಂದು ಭದ್ರತಾ ಲೋಪಕ್ಕೂ ಝೀರೋ-ಡೇ ಎಂಬ ಹಣೆಪಟ್ಟಿ ಅಂಟಿಸುವುದು. ಲೋಪ ಎಷ್ಟು ಗಂಭೀರ ಎಂಬುದನ್ನು ಈ ಸೊನ್ನೆ ಹೇಳುವುದಿಲ್ಲ. ಅದು ದಿನಗಳ ಎಣಿಕೆ, ಎಣಿಕೆ ತಂತ್ರಾಂಶದ ತಯಾರಕರದು. ಲೋಪವಿದೆಯೆಂದು ಅವರಿಗೆ ತಿಳಿಯುವ ಮೊದಲೇ, ಅಥವಾ ತಿಳಿದರೂ ಪ್ಯಾಚ್ (ಲೋಪ ಸರಿಪಡಿಸುವ ತೇಪೆ) ಹೊರಬರುವ ಮೊದಲೇ, ಬೇರೊಬ್ಬರು ಅದರ ಮೂಲಕ ಒಳನುಗ್ಗಿದ್ದರೆ ಮಾತ್ರ ಈ ಪದ ಸರಿ.

ಈ ಎಣಿಕೆಯ ತವರು ಭದ್ರತಾ ಕ್ಷೇತ್ರವಲ್ಲ. 1990ರ ದಶಕದಲ್ಲಿ, ಮೋಡೆಮ್ ಮೂಲಕ ಸಂಪರ್ಕಿಸುವ ಬುಲೆಟಿನ್ ಬೋರ್ಡ್‌ಗಳಲ್ಲಿ, ಲೈಸೆನ್ಸ್ ಬೀಗ ಮುರಿದ ತಂತ್ರಾಂಶಗಳನ್ನು ಹಂಚುತ್ತಿದ್ದ ಗುಂಪುಗಳು ತಮ್ಮಲ್ಲಿರುವ ಪ್ರತಿ ಎಷ್ಟು ಹೊಸದು ಎಂಬುದನ್ನು ದಿನಗಳಲ್ಲಿ ಹೇಳಿಕೊಳ್ಳುತ್ತಿದ್ದವು. ಅಧಿಕೃತ ಬಿಡುಗಡೆಯ ದಿನವೇ, ಕೆಲವೊಮ್ಮೆ ಅದಕ್ಕೂ ಮುಂಚೆ, ಕೈಗೆ ಬಂದ ಪ್ರತಿ ಝೀರೋ-ಡೇ. ದಿನ ಕಳೆದಂತೆ ಅದಕ್ಕೆ ಕಿಮ್ಮತ್ತು ಕಡಿಮೆ. ಅಲ್ಲಿ ಸೊನ್ನೆ ಜಂಬ ಕೊಚ್ಚಿಕೊಳ್ಳುವ ಅಂಕಿಯಾಗಿತ್ತು. ಪದ ಭದ್ರತಾ ವಲಯಕ್ಕೆ ದಾಟಿದಾಗ ಎಣಿಕೆ ಶುರುವಾಗುವ ಜಾಗ ಮಾತ್ರ ಬದಲಾಯಿತು: ಬಿಡುಗಡೆಯ ದಿನದ ಬದಲು, ಲೋಪ ತಯಾರಕರ ಗಮನಕ್ಕೆ ಬಂದ ದಿನ. ಆದರೆ ಕೆಡುವ ಸರಕಿನ ಗುಣ ಹಾಗೆಯೇ ಉಳಿಯಿತು. 2019ರಲ್ಲಿ ಇಂಥ ಲೋಪಗಳನ್ನು ಕೊಂಡು ಮಾರುವ ಝೀರೋಡಿಯಂ ಎಂಬ ಸಂಸ್ಥೆ, ಬಳಕೆದಾರರು ಏನನ್ನೂ ಒತ್ತದಿದ್ದರೂ ಆಂಡ್ರಾಯ್ಡ್ ಫೋನನ್ನು ಪೂರ್ತಿಯಾಗಿ ವಶಪಡಿಸಿಕೊಳ್ಳುವ ವಿಧಾನಕ್ಕೆ 25 ಲಕ್ಷ ಡಾಲರ್‌ವರೆಗೆ ಕೊಡುವುದಾಗಿ ಬಹಿರಂಗವಾಗಿಯೇ ಪ್ರಕಟಿಸಿತ್ತು. ಪ್ಯಾಚ್ ಬಂದ ಮೇಲೆ ಅದೇ ವಿಧಾನಕ್ಕೆ ಅಂಥ ಬೆಲೆ ಹುಟ್ಟುವುದಿಲ್ಲ.

ಲೋಪದ ವಯಸ್ಸಿಗೂ ಈ ಎಣಿಕೆಗೂ ಸಂಬಂಧವಿಲ್ಲ. ಜಾಲತಾಣಗಳ ಜೊತೆಗಿನ ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಪಾಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ, ಹಾರ್ಟ್‌ಬ್ಲೀಡ್ ಎಂದು ಹೆಸರಾದ ಲೋಪ 2014ರ ಏಪ್ರಿಲ್‌ನಲ್ಲಿ ಬಯಲಾಗುವ ಹೊತ್ತಿಗೆ ಎರಡು ವರ್ಷಗಳಿಂದ ಬಳಕೆಯಲ್ಲಿದ್ದ ಆವೃತ್ತಿಗಳಲ್ಲಿ ಕುಳಿತಿತ್ತು.

ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿದ ವಾನಾಕ್ರೈ ಎಂಬ ಕುತಂತ್ರಾಂಶದ ಹೆಸರು ಕಂಡಲ್ಲೆಲ್ಲ ಝೀರೋ-ಡೇ ಎಂದೂ ಬರೆಯುವವರು ತಾರೀಖುಗಳನ್ನೊಮ್ಮೆ ನೋಡಬೇಕು. ವಿಂಡೋಸ್‌ನ ಫೈಲ್ ಹಂಚಿಕೆ ವ್ಯವಸ್ಥೆಯಲ್ಲಿದ್ದ ಆ ಲೋಪಕ್ಕೆ ಮೈಕ್ರೋಸಾಫ್ಟ್ ಪ್ಯಾಚ್ ಹೊರಡಿಸಿದ್ದು 2017ರ ಮಾರ್ಚ್ 14ರಂದು. ಲೋಪವನ್ನು ಬಳಸಿಕೊಳ್ಳಲು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ರೂಪಿಸಿ ಗುಟ್ಟಾಗಿಟ್ಟುಕೊಂಡಿದ್ದ ಎಟರ್ನಲ್‌ಬ್ಲೂ ಎಂಬ ಉಪಕರಣ, ಶ್ಯಾಡೋ ಬ್ರೋಕರ್ಸ್ ಎಂಬ ಗುಂಪಿನ ಕೈಯಿಂದ ಬಹಿರಂಗವಾದದ್ದು ಏಪ್ರಿಲ್ 14ರಂದು. ವಾನಾಕ್ರೈ ಹರಡಿದ್ದು ಮೇ 12ರಂದು, ಅಂದರೆ ಪ್ಯಾಚ್ ಬಂದು 59 ದಿನಗಳಾದ ಮೇಲೆ. ಆ ಸಂಸ್ಥೆಯ ಕಪಾಟಿನಲ್ಲಿದ್ದಷ್ಟು ಕಾಲ ಎಟರ್ನಲ್‌ಬ್ಲೂ ನಿಜವಾದ ಝೀರೋ-ಡೇ; ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರುಗಳಿಗೆ ಬೀಗ ಬಿದ್ದ ದಿನ ಅದು ಝೀರೋ-ಡೇ ಆಗಿರಲಿಲ್ಲ. ಅದೇ ವರ್ಷ ಜನರ ಸಾಲದ ದಾಖಲೆಗಳನ್ನಿಡುವ ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯಿಂದ ಸುಮಾರು 14.7 ಕೋಟಿ ಜನರ ವಿವರಗಳು ಸೋರಿದ್ದೂ ಮಾರ್ಚ್‌ನಲ್ಲೇ ಪ್ಯಾಚ್ ಬಂದಿದ್ದ ಅಪಾಚೆ ಸ್ಟ್ರಟ್ಸ್ ಎಂಬ ಜಾಲತಾಣ ತಂತ್ರಾಂಶದ ಲೋಪದ ಮೂಲಕ. ಇಂಥ ಪ್ರಕರಣಗಳನ್ನು ಝೀರೋ-ಡೇ ಎಂದುಬಿಟ್ಟರೆ, ‘ಯಾರೂ ಏನೂ ಮಾಡುವಂತಿರಲಿಲ್ಲ’ ಎಂಬ ಸಮಜಾಯಿಷಿ ಪುಕ್ಕಟೆಯಾಗಿ ಸಿಗುತ್ತದೆ. ಈ ಪದದ ದುರ್ಬಳಕೆಯ ಬಗ್ಗೆ ನನ್ನ ಮುಖ್ಯ ತಕರಾರು ಇದೇ.

ಪ್ಯಾಚ್ ಬಂದ ನಂತರವೂ ದಾಳಿಗೆ ದಾರಿಯಾಗುವ ಲೋಪಕ್ಕೆ ಭದ್ರತಾ ವಲಯದಲ್ಲಿ ‘ಎನ್-ಡೇ’ ಎನ್ನುತ್ತಾರೆ. ‘ಎನ್’ ಎಂದರೆ ಕಳೆದ ದಿನಗಳ ಸಂಖ್ಯೆ. ಇದು ಝೀರೋ-ಡೇಯ ಸೌಮ್ಯವಾದ ತಮ್ಮನೆಂದು ಭಾವಿಸುವ ಅಗತ್ಯವಿಲ್ಲ. ಪ್ಯಾಚ್ ಹೊರಬಂದೊಡನೆ ಹಳೆಯ ಮತ್ತು ಹೊಸ ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರೆ ಯಾವ ಸಾಲುಗಳು ಬದಲಾಗಿವೆ ಎಂಬುದು ಕಾಣುತ್ತದೆ, ಬದಲಾದ ಸಾಲುಗಳ ಹಿಂದೆ ಲೋಪವೂ ಕಾಣುತ್ತದೆ. ಹೀಗಾಗಿ ಅಪ್‌ಡೇಟ್ ಹಾಕಿಕೊಳ್ಳದ ಸಾಧನದ ಮಟ್ಟಿಗೆ, ಪ್ಯಾಚ್ ಬಂದ ನಂತರದ ದಿನಗಳು ಮೊದಲಿನವಕ್ಕಿಂತ ಹೆಚ್ಚು ಅಪಾಯದವು: ಮೊದಲು ಕೆಲವರಿಗೆ ಮಾತ್ರ ಗೊತ್ತಿದ್ದ ಲೋಪವನ್ನು ಈಗ ಹುಡುಕಬಲ್ಲವರೆಲ್ಲ ಹುಡುಕಿಕೊಳ್ಳುತ್ತಾರೆ. ಆಂಡ್ರಾಯ್ಡ್ ಫೋನುಗಳಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. ಗೂಗಲ್ ಅಥವಾ ಚಿಪ್ ತಯಾರಕರು ಸರಿಪಡಿಸಿದ್ದನ್ನು ಫೋನ್ ತಯಾರಕರು ತಮ್ಮ ಆವೃತ್ತಿಗೆ ಸೇರಿಸಿ, ಪರೀಕ್ಷಿಸಿ ಕಳುಹಿಸುವವರೆಗೆ, ಅಪ್‌ಡೇಟ್ ಹಾಕಿಕೊಳ್ಳಲು ಸಿದ್ಧರಿರುವವರೂ ಕಾಯಬೇಕಾಗುತ್ತದೆ.

‘ಝೀರೋ-ಕ್ಲಿಕ್’ ಜೊತೆಗಿನ ಕಲಸುಮೇಲೋಗರವನ್ನೂ ಇಲ್ಲಿಯೇ ಬಿಡಿಸಿಬಿಡಬಹುದು. ಝೀರೋ-ಕ್ಲಿಕ್‌ನ ಸೊನ್ನೆ ಬಳಕೆದಾರರ ಲೆಕ್ಕದ್ದು: ಅವರು ಯಾವ ಲಿಂಕನ್ನೂ ಒತ್ತದೆ, ಯಾವ ಕಡತವನ್ನೂ ತೆರೆಯದೆ ದಾಳಿ ನಡೆಯುತ್ತದೆ. ಪೆಗಾಸಸ್ ಗೂಢಚರ್ಯೆ ತಂತ್ರಾಂಶವನ್ನು ಐಫೋನುಗಳಿಗೆ ಇಳಿಸಲು ಬಳಸಿದ್ದ, ಕೆನಡಾದ ಸಂಶೋಧನಾ ಸಂಸ್ಥೆ ಸಿಟಿಜನ್ ಲ್ಯಾಬ್ 2021ರಲ್ಲಿ ಬಯಲು ಮಾಡಿದ ಫೋರ್ಸ್ಡ್‌ಎಂಟ್ರಿ ಎಂಬ ದಾಳಿ ವಿಧಾನ ಎರಡೂ ಆಗಿತ್ತು: ಐಮೆಸೇಜ್ ಮೂಲಕ ಬಂದ, ಗಿಫ್ ಚಿತ್ರದ ವೇಷ ತೊಟ್ಟ ಪಿಡಿಎಫ್ ಕಡತವೊಂದು ತಾನಾಗಿ ಕೆಲಸ ಮುಗಿಸುತ್ತಿತ್ತು, ಆಪಲ್‌ಗೆ ಅದರ ಸುಳಿವೂ ಇರಲಿಲ್ಲ. ಆ ಸೆಪ್ಟೆಂಬರ್ 13ರಂದು ಐಓಎಸ್ 14.8 ಬಂದ ಮೇಲೆ ಅದು ಝೀರೋ-ಡೇ ಆಗಿ ಉಳಿಯಲಿಲ್ಲ. ಅಪ್‌ಡೇಟ್ ಆಗದ ಫೋನುಗಳಲ್ಲಿ ಝೀರೋ-ಕ್ಲಿಕ್ ಆಗಿ ಮಾತ್ರ ಮುಂದುವರಿಯಿತು.

ಇಷ್ಟೆಲ್ಲ ಕಟ್ಟುನಿಟ್ಟಿನ ನಂತರವೂ ಈ ಎಣಿಕೆಗೆ ಸಿಗದ ಒಂದು ವರ್ಗ ಉಳಿಯುತ್ತದೆ. ತಯಾರಕರು ಬೆಂಬಲ ನಿಲ್ಲಿಸಿದ ಮನೆಯ ವೈಫೈ ರೌಟರುಗಳಲ್ಲಿ, ಅಗ್ಗದ ನಿಗಾ ಕ್ಯಾಮೆರಾಗಳಲ್ಲಿ ಲೋಪ ಪತ್ತೆಯಾದಾಗ, ಅದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಬರಲಿರುವ ಪ್ಯಾಚ್‌ವರೆಗಿನ ದಿನಗಳನ್ನು ಎಣಿಸುವ ಮಾತೂ ಇಲ್ಲ. ಆದ್ದರಿಂದ ಸೊನ್ನೆ ಸಲ್ಲದು. ಪ್ಯಾಚ್ ಎಂದೂ ಬರುವುದಿಲ್ಲವಾದ್ದರಿಂದ, ಬಳಕೆದಾರರು ಅಪ್‌ಡೇಟ್ ಹಾಕಲಿಲ್ಲವೆಂದು ದೂರುವಂತೆಯೂ ಇಲ್ಲ. ಇಂಥವನ್ನು ಕೆಲವರು ‘ಫಾರೆವರ್-ಡೇ’ ಎನ್ನುತ್ತಾರೆ. ಪರಿಹಾರವೆಂದರೆ ಸಾಧನವನ್ನೇ ಬದಲಿಸುವುದು; ತಯಾರಕರು ತಮ್ಮ ಸೂಚನೆಗಳಲ್ಲಿ ಸಾಮಾನ್ಯವಾಗಿ ಬರೆಯುವುದೂ ಅಷ್ಟನ್ನೇ.