ಸುಳ್ಳು ಅಂತ ಸಾಬೀತಾದರೂ ಕೆಟ್ಟ ಹೆಸರು ಯಾಕೆ ಹೋಗಲ್ಲ?

ಓದುಗರ ಪ್ರಶ್ನೆ: ಒಬ್ಬರ ಮೇಲೆ ಯಾರೋ ಸುಳ್ಳು ಅಪವಾದ ಹೊರಿಸುತ್ತಾರೆ. ಆಮೇಲೆ ಅದು ಸುಳ್ಳು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಆದರೂ ಜನ ಅವರನ್ನು ಮೊದಲಿನ ಹಾಗೆ ನೋಡುವುದಿಲ್ಲ. ಯಾಕೆ ಹೀಗೆ?

ಹೆಸರು ನಮ್ಮದೇ. ಆದರೆ ಅದು ಇರುವುದು ಬೇರೆಯವರ ತಲೆಯೊಳಗೆ. ಅಲ್ಲಿ ಯಾರಾದರೂ ಮಸಿ ಬಳಿದರೆ, ನಾವೇ ಹೋಗಿ ಒರೆಸಿ ಬರಲು ಆಗುವುದಿಲ್ಲ. ಒರೆಸಬೇಕಾದವರು ಅವರೇ. ಅವರಿಗೆ ಅದೇನೂ ಅಷ್ಟು ಅರ್ಜೆಂಟ್ ಕೆಲಸವಲ್ಲ. ಚಿಕ್ಕದಾಗಿ ಹೇಳುವುದಾದರೆ ಇಷ್ಟೇ ಉತ್ತರ. ಆದರೆ ಒರೆಸಲು ಹೊರಟವರಿಗೂ ಅದು ಪೂರ್ತಿ ಹೋಗುವುದಿಲ್ಲ. ಅದಕ್ಕೆ ಕಾರಣ ಬೇರೆ.

1994ರಲ್ಲಿ ಹಾಲಿನ್ ಜಾನ್ಸನ್ ಮತ್ತು ಕಾಲೀನ್ ಸೈಫರ್ಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಅದರಲ್ಲಿ ಜನರಿಗೆ ಒಂದು ಗೋದಾಮಿಗೆ ಬೆಂಕಿ ಬಿದ್ದ ಸುದ್ದಿಯನ್ನು ತುಂಡು ತುಂಡಾಗಿ ಓದಿಸಿದ್ದರು. ಒಂದು ತುಂಡಿನಲ್ಲಿ, ಅಲ್ಲಿನ ಚಿಕ್ಕ ಕೋಣೆಯಲ್ಲಿ ಬಣ್ಣದ ಡಬ್ಬಿ, ಗ್ಯಾಸ್ ಸಿಲಿಂಡರ್ ಇಟ್ಟಿದ್ದರು ಅಂತ ಇತ್ತು. ಮುಂದೆ ಇನ್ನೊಂದು ತುಂಡಿನಲ್ಲಿ, ಅದು ತಪ್ಪು ಮಾಹಿತಿ, ಕೋಣೆ ಖಾಲಿ ಇತ್ತು ಅಂತ ತಿದ್ದಿದರು. ತಿದ್ದಿದ್ದು ಓದಿದವರಿಗೆ ನೆನಪಿತ್ತು. ಆದರೂ ಹೊಗೆ ಯಾಕೆ ಅಷ್ಟು ದಟ್ಟವಾಗಿತ್ತು ಅಂತ ಕೇಳಿದರೆ, ಎಷ್ಟೋ ಜನ ಮತ್ತೆ ಆ ಬಣ್ಣ, ಆ ಗ್ಯಾಸಿನ ಕಡೆಗೇ ಹೋದರು.

ತಿದ್ದುಪಡಿ ಸುಳ್ಳನ್ನು ಕಿತ್ತುಹಾಕುತ್ತದೆ, ಆದರೆ ಅಲ್ಲಿ ಒಂದು ತೂತು ಬಿಟ್ಟುಹೋಗುತ್ತದೆ. ಹಾಗಾದರೆ ಬೆಂಕಿ ಯಾಕೆ ಬಿತ್ತು? ಮನಸ್ಸಿಗೆ ಆ ತೂತು ಹಿಡಿಸುವುದಿಲ್ಲ. ಬೇರೇನೂ ಸಿಗದಿದ್ದರೆ ಹಳೆಯ ಸುಳ್ಳನ್ನೇ ತಂದು ತುಂಬಿಕೊಳ್ಳುತ್ತದೆ. ಮನುಷ್ಯರ ವಿಷಯದಲ್ಲಂತೂ ತುಂಬಲು ಒಂದು ಗಾದೆ ರೆಡಿ ಇದೆ: ಬೆಂಕಿ ಇಲ್ಲದೆ ಹೊಗೆ ಬರುತ್ತಾ? ನಮ್ಮ ಭಾಷೆಯಲ್ಲಿ ಇಷ್ಟು ಜನರ ಹೆಸರು ಕೆಡಿಸಿದ ಮಾತು ಬೇರೆ ಇದೆಯೋ ಇಲ್ಲವೋ!

ಹಾಸ್ಟೆಲಿನಲ್ಲಿ ನನ್ನ ಜೊತೆ ಇದ್ದ ಒಬ್ಬ ಹುಡುಗಿಯ ನೆನಪು ನನಗೆ ಇವತ್ತಿಗೂ ಚುಚ್ಚುತ್ತದೆ. ಇನ್ನೊಬ್ಬಳ ದುಡ್ಡು ಕಾಣೆಯಾಯಿತು. ಆಗ ಕೋಣೆಯಲ್ಲಿದ್ದವಳು ಇವಳೊಬ್ಬಳೇ. ಅಷ್ಟು ಸಾಕಾಯಿತು. ಎರಡು ವಾರ ಗುಸುಗುಸು ನಡೆಯಿತು. ಕೊನೆಗೆ ಆ ದುಡ್ಡು ಕಳೆದುಕೊಂಡವಳ ಪುಸ್ತಕದೊಳಗೇ ಸಿಕ್ಕಿತು. ಇಲ್ಲಿ ತೂತೂ ಇರಲಿಲ್ಲ, ದುಡ್ಡು ಎಲ್ಲಿತ್ತು ಅಂತ ಎಲ್ಲರಿಗೂ ಗೊತ್ತಾಗಿತ್ತು. ಆದರೂ ಕೋಣೆ ಬಿಟ್ಟು ಹೊರಡುವಾಗ ನನ್ನ ಕೈ ಟ್ರಂಕಿನ ಬೀಗದ ಕಡೆಗೆ ಹೋಗುವುದು ನಿಲ್ಲಲಿಲ್ಲ. ಎರಡು ವಾರದ ಅಭ್ಯಾಸ ನೋಡಿ. ತಲೆ ಸರಿಹೋಗಿತ್ತು, ಕೈ ಸರಿಹೋಗಿರಲಿಲ್ಲ.

ಸಾಹಿತ್ಯದಲ್ಲಿ ಇದನ್ನು ಷೇಕ್ಸ್‌ಪಿಯರನಷ್ಟು ಹತ್ತಿರದಿಂದ ನೋಡಿದವರು ಕಡಿಮೆ. ಅವನ ಒಥೆಲೋ ನಾಟಕದಲ್ಲಿ ಸೇನಾಪತಿ ಒಥೆಲೋನ ಮನಸ್ಸಿನಲ್ಲಿ ಅವನ ಹೆಂಡತಿ ಡೆಸ್ಡಿಮೋನಾಳ ಶೀಲದ ಮೇಲೆ ಇಯಾಗೋ ಎಂಬ ಕೈಕೆಳಗಿನವನು ಅನುಮಾನ ಬಿತ್ತುತ್ತಾನೆ. ಹೇಗೆ ಶುರು ಮಾಡುತ್ತಾನೆ ನೋಡಿ. ಒಥೆಲೋನ ಇನ್ನೊಬ್ಬ ಅಧಿಕಾರಿ ಕ್ಯಾಸಿಯೋ ಅವಳ ಹತ್ತಿರ ಮಾತಾಡಿ ಹೊರಟಾಗ, "ಛೆ, ನನಗಿದು ಹಿಡಿಸಲಿಲ್ಲ" ಅಂತ ತನ್ನಷ್ಟಕ್ಕೆ ಅನ್ನುವ ಹಾಗೆ ಅನ್ನುತ್ತಾನೆ. ಏನಂದೆ ಅಂತ ಒಥೆಲೋ ಕೇಳಿದರೆ ಏನಿಲ್ಲ ಅಂತಾನೆ. ಆಮೇಲೆ ಸುಮ್ನೆ ಒಂದು ಪ್ರಶ್ನೆ: ನೀವು ಮದುವೆಗೆ ಮುಂಚೆ ಅವಳನ್ನು ಪ್ರೀತಿಸುತ್ತಿದ್ದದ್ದು ಕ್ಯಾಸಿಯೋಗೆ ಗೊತ್ತಿತ್ತಾ? ಅವನು ಪ್ರಾಮಾಣಿಕ ಅಲ್ವಾ ಅಂತ ಒಥೆಲೋ ಕೇಳಿದರೆ, "ಪ್ರಾಮಾಣಿಕನಾ?" ಅಂತ ಅದೇ ಪದವನ್ನು ವಾಪಸ್ ಕೊಡುತ್ತಾನೆ. ಇಲ್ಲಿಯವರೆಗೆ ಒಂದು ಆರೋಪವನ್ನೂ ಮಾಡಿಲ್ಲ. ಉಳಿದದ್ದನ್ನು ಒಥೆಲೋ ತಾನೇ ಕಟ್ಟಿಕೊಳ್ಳುತ್ತಾನೆ. ತಾನೇ ಕಟ್ಟಿದ್ದು ಅಂದಮೇಲೆ ಅದನ್ನು ಸುಳ್ಳು ಅಂತ ಒಪ್ಪುವುದು ಕಷ್ಟ. ಅವನು ಒಪ್ಪುವ ಹೊತ್ತಿಗೆ ಡೆಸ್ಡಿಮೋನಾ ಅವನ ಕೈಯಿಂದಲೇ ಸತ್ತಿರುತ್ತಾಳೆ.

ಬರೀ ಪ್ರಶ್ನೆಗೆ ಇರುವ ಈ ಶಕ್ತಿಯನ್ನು ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು 1981ರಲ್ಲಿ ಪರೀಕ್ಷೆ ಮಾಡಿ ತೋರಿಸಿದರು. ಒಬ್ಬ ವ್ಯಕ್ತಿ ಇಂಥ ತಪ್ಪು ಮಾಡಿದ್ದಾನೆ ಅಂತ ನೇರವಾಗಿ ಹೇಳುವ ತಲೆಬರಹ ಒಂದು. ಮಾಡಿದ್ದಾನಾ ಅಂತ ಕೇಳುವ ತಲೆಬರಹ ಇನ್ನೊಂದು. ಪ್ರಶ್ನೆಯೂ ಹೆಚ್ಚುಕಮ್ಮಿ ಆರೋಪದಷ್ಟೇ ಹೆಸರು ಕೆಡಿಸಿತು.

ಸೀತೆಯ ಕಥೆಯಂತೂ ನಿಮ್ಮ ಪ್ರಶ್ನೆಯೇ. ಅವಳು ಆಗಲೇ ಲಂಕೆಯಲ್ಲಿ ಬೆಂಕಿ ಹೊಕ್ಕು ಬಂದಿದ್ದಾಳೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ವಾಲ್ಮೀಕಿಯ ಉತ್ತರಕಾಂಡದಲ್ಲಿ ರಾಮ ಆಪ್ತರ ಜೊತೆ ಕೂತು, ಜನ ಏನು ಮಾತಾಡಿಕೊಳ್ಳುತ್ತಾರೆ ಅಂತ ಕೇಳುತ್ತಾನೆ. ಭದ್ರ ಎಂಬುವನು ಮೊದಲು ಬರೀ ಒಳ್ಳೆಯದನ್ನೇ ಹೇಳುತ್ತಾನೆ. ಮುಚ್ಚಿಡದೆ ಎಲ್ಲ ಹೇಳು ಅಂದಮೇಲೆ, ಬೀದಿಯಲ್ಲಿ, ಅಂಗಡಿ ಸಾಲಿನಲ್ಲಿ ಸೀತೆಯ ಬಗ್ಗೆ ಓಡಾಡುತ್ತಿರುವ ಮಾತು ಹೊರಗೆ ಬರುತ್ತದೆ. ಅವಳು ಶುದ್ಧಳು ಅಂತ ನನ್ನ ಒಳಮನಸ್ಸಿಗೆ ಗೊತ್ತು ಅಂತ ರಾಮನೇ ಅನ್ನುತ್ತಾನೆ. ಆದರೂ ಅವಳನ್ನು ಕಾಡಿಗೆ ಕಳಿಸುತ್ತಾನೆ. ರಘುವಂಶದಲ್ಲಿ ಕಾಳಿದಾಸ ಅವನ ಬಾಯಲ್ಲಿ ಒಂದು ಹೋಲಿಕೆ ಇಡುತ್ತಾನೆ: ಭೂಮಿಯ ನೆರಳನ್ನೇ ಜನ ಚಂದ್ರನ ಕಲೆ ಅಂತ ಅಂಟಿಸಿಬಿಟ್ಟರು. ನೆರಳು ನಮ್ಮದು, ಕಲೆ ಅವನದು! ಅಪವಾದದ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಓದಿಲ್ಲ.

ಇನ್ನೊಂದು ವಿಷಯ. ಈ ಮಾತನ್ನು ಆಡಿದವನು ಒಬ್ಬ ಅಗಸ ಅಂತ ನಾವೆಲ್ಲ ಕೇಳಿ ಬೆಳೆದಿದ್ದೇವೆ. ಭದ್ರ ಬಂದು ಹೇಳುವ ಆ ವಾಲ್ಮೀಕಿಯ ಸಂದರ್ಭದಲ್ಲಿ ಅಗಸನೇ ಇಲ್ಲ. ಅಲ್ಲಿ ಆಡಿದ್ದು ಇಡೀ ಊರು. ನಂತರದ ಕಥೆಗಳು ಊರಿನ ತಪ್ಪನ್ನು ಒಬ್ಬನ ತಲೆಗೆ ಕಟ್ಟಿದವು. ಅಪವಾದದ ಕಥೆಯೊಳಗೇ ಇನ್ನೊಂದು ಅಪವಾದ ಸೇರಿಕೊಂಡಿತು.

ಕಥೆ ಬಿಡಿ, ಇತಿಹಾಸಕ್ಕೆ ಬನ್ನಿ. ಫ್ರಾನ್ಸಿನ ಸೇನಾಧಿಕಾರಿ ಆಲ್ಫ್ರೆಡ್ ಡ್ರೇಫಸ್ ಯಹೂದಿ. ಜರ್ಮನಿಗೆ ಗುಟ್ಟು ಮಾರಿದ ಅಂತ 1894ರಲ್ಲಿ ಅವನಿಗೆ ಶಿಕ್ಷೆಯಾಯಿತು. 1895ರ ಜನವರಿ 5ರಂದು ಪ್ಯಾರಿಸ್ಸಿನ ಸೈನಿಕ ಶಾಲೆಯ ಅಂಗಳದಲ್ಲಿ ಎಲ್ಲರೆದುರು ಅವನ ಸಮವಸ್ತ್ರದ ಪಟ್ಟಿ, ಗುಂಡಿ ಕಿತ್ತು, ಕತ್ತಿ ಮುರಿದರು. ಅವನು ನಾನು ನಿರಪರಾಧಿ ಅಂತ ಕೂಗುತ್ತಲೇ ಇದ್ದ. ನಿಜವಾದ ಗೂಢಚಾರ ಎಸ್ಟರ್‌ಹೇಜಿ ಎಂಬ ಇನ್ನೊಬ್ಬ ಅಧಿಕಾರಿ. ಅದು ಸೇನೆಯೊಳಗೇ 1896ರಲ್ಲಿ ಗೊತ್ತಾಗಿತ್ತು. ಆದರೂ 1898ರಲ್ಲಿ ಎಸ್ಟರ್‌ಹೇಜಿಯನ್ನು ಖುಲಾಸೆ ಮಾಡಿ ಬಿಟ್ಟುಬಿಟ್ಟರು. ಕಾದಂಬರಿಕಾರ ಎಮಿಲ್ ಝೋಲಾ ಡ್ರೇಫಸ್ ಪರವಾಗಿ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದದ್ದು ಆಗಲೇ. ಡ್ರೇಫಸ್ ನಿರಪರಾಧಿ ಅಂತ ಕೋರ್ಟು ಹೇಳಿದ್ದು 1906ರ ಜುಲೈ 12ರಂದು. ಅಲ್ಲಿಗೆ ಮುಗಿಯಬೇಕಿತ್ತು. 1908ರಲ್ಲಿ ತೀರಿಹೋಗಿದ್ದ ಝೋಲಾನ ಅಸ್ಥಿಯನ್ನು, ಫ್ರಾನ್ಸಿನ ದೊಡ್ಡವರ ಸಮಾಧಿಗಳಿರುವ ಪ್ಯಾಂಥಿಯನ್‌ಗೆ ತಂದ ಸಮಾರಂಭದಲ್ಲಿ ಒಬ್ಬ ಪತ್ರಕರ್ತ ಡ್ರೇಫಸ್ ಮೇಲೆ ಗುಂಡು ಹಾರಿಸಿದ. ಕೈಗೆ ಗಾಯವಾಯಿತು. ಗುಂಡು ಹಾರಿಸಿದವನನ್ನು ಕೋರ್ಟು ಖುಲಾಸೆ ಮಾಡಿತು. ಯಹೂದಿ ಅಂದರೆ ದ್ರೋಹಿ ಅಂತ ಮೊದಲೇ ನಂಬಲು ತಯಾರಿದ್ದವರಿಗೆ ತೀರ್ಪು ಒಂದು ಕಾಗದ ಅಷ್ಟೇ. ಅಪವಾದ ಹಳೆಯ ದ್ವೇಷದ ಮೇಲೆ ಬಂದು ಕೂತರೆ, ಅದನ್ನು ಏಳಿಸಲು ಸಾಕ್ಷಿ ಸಾಲುವುದಿಲ್ಲ.

ಹಾಗಾದರೆ ಏನೂ ಮಾಡಲಾಗದಾ? ಆಗುತ್ತದೆ. ಬರೀ "ಅವಳು ಮಾಡಿಲ್ಲ" ಅಂದರೆ ತೂತು ಹಾಗೇ ಉಳಿಯುತ್ತದೆ. ನಿಜವಾಗಿ ಏನಾಯಿತು ಅಂತ ಕಥೆ ಪೂರ್ತಿ ಹೇಳಬೇಕು. ಬದಲಿ ಕಾರಣ ಸಿಕ್ಕಾಗ ಜನ ಹಳೆಯ ಸುಳ್ಳನ್ನು ಹೆಚ್ಚು ಸುಲಭವಾಗಿ ಬಿಡುತ್ತಾರೆ ಅಂತ ಆ ಗೋದಾಮಿನ ಪ್ರಯೋಗದಲ್ಲೂ ಕಂಡಿತ್ತು. ಹೇಳುವುದನ್ನು ಆ ಮಾತು ಓಡಾಡಿದ ಗುಂಪಿನಲ್ಲೇ, ಅದನ್ನು ಆಡಿದವರ ಬಾಯಿಂದಲೇ ಹೇಳಿಸಬೇಕು. ನೊಂದವರೇ ಹೇಳಿದರೆ ಸಮರ್ಥನೆಯಂತೆ ಕೇಳಿಸುತ್ತದೆ.

ನಮ್ಮ ಕೋಣೆಯಲ್ಲಿ ಅದು ಆಗಲಿಲ್ಲ. ದುಡ್ಡು ಸಿಕ್ಕಿದ ದಿನ ನಾವೆಲ್ಲ ಜೋರಾಗಿ ನಕ್ಕು ಬೇರೆ ಮಾತಿಗೆ ಹೊರಳಿದೆವು. ತಪ್ಪಾಯಿತು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ದಿನ ನಾನು ಬೀಗ ಒತ್ತುತ್ತಿದ್ದಾಗ ಅವಳು ಬಾಗಿಲಿಗೆ ಬಂದಳು. "ಹಾಕ್ಕೊಳೇ, ನಾನು ಆಮೇಲೆ ಬರ್ತೀನಿ" ಅಂದಳು. ಆಮೇಲೆ ಆ ವರ್ಷ ಪೂರ್ತಿ ಅವಳು ಬಾಗಿಲು ತಟ್ಟಿಯೇ ಒಳಗೆ ಬರುತ್ತಿದ್ದಳು. ಅದು ಅವಳದೂ ಕೋಣೆ.