ಫ್ಯಾಷನ್ ಪತ್ರಿಕೆಗಳಿಂದ ಚಿತ್ರಕಾರರು ಮರೆಯಾದದ್ದು ಹೇಗೆ?

ಕಳೆದ ಶತಮಾನದ ನಡುಭಾಗದ ಪ್ಯಾರಿಸ್ ಫ್ಯಾಷನ್ ಚಿತ್ರಗಳನ್ನು ಇಂದು ಚೌಕಟ್ಟು ಹಾಕಿಸಿ ಕಲಾಕೃತಿಗಳೆಂದು ಮಾರುತ್ತಾರೆ. ಅವನ್ನು ಬರೆಸಿದ ಪತ್ರಿಕೆಗಳೇ ಅವನ್ನು ಕೈಬಿಟ್ಟದ್ದೇಕೆ ಎಂದು ಕೇಳಿದರೆ, ಕ್ಯಾಮೆರಾ ಬಂತು ಎಂಬ ಒಂದು ಮಾತಿನಲ್ಲಿ ಉತ್ತರ ಮುಗಿದುಹೋಗುತ್ತದೆ. ಇಸವಿಗಳು ಅದಕ್ಕೆ ಹೊಂದುವುದಿಲ್ಲ. ಅಮೆರಿಕದ ಫ್ಯಾಷನ್ ಪತ್ರಿಕೆ ‘ವೋಗ್’ ಮುಖಪುಟದಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಸ್ಟೈಕನ್ ತೆಗೆದ ವರ್ಣ ಛಾಯಾಚಿತ್ರ ಬಂದದ್ದು 1932ರ ಜುಲೈನಲ್ಲಿ. ಈ ಚಿತ್ರಕಾರರ ಹೆಸರುವಾಸಿ ಕೆಲಸದ ಬಹುಪಾಲು ಅದಕ್ಕಿಂತ ಈಚಿನದು.

1947ರ ಫೆಬ್ರವರಿ 12ರಂದು ಪ್ಯಾರಿಸಿನ ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ತಮ್ಮದೇ ಹೆಸರಿನ ಸಂಸ್ಥೆಯ ಮೊದಲ ಉಡುಪುಗಳನ್ನು ಪ್ರದರ್ಶಿಸಿದರು. ದುಂಡು ಭುಜ, ಬಿಗಿದ ನಡು, ಮೊಣಕಾಲಿನ ಕೆಳಗೂ ಹರಡಿಕೊಂಡ ಲಂಗ: ‘ನ್ಯೂ ಲುಕ್’ ಎಂದು ಪ್ರಸಿದ್ಧವಾದ ಈ ಆಕಾರ ಕುಂಚಕ್ಕೆಂದೇ ಹುಟ್ಟಿದಂತಿತ್ತು. ಇಟಲಿಯ ರಿಮಿನಿಯಲ್ಲಿ ಹುಟ್ಟಿದ ರೆನೆ ಗ್ರುವೋ ದಪ್ಪ ಕಪ್ಪು ಗೆರೆಯೊಂದನ್ನು ಭುಜದಿಂದ ಅಂಚಿನವರೆಗೆ ಎಳೆದು, ಒಳಗೆ ಕೆಂಪೋ ಬಿಳಿಯೋ ಒಂದೇ ಬಣ್ಣ ತುಂಬಿ, ಮುಖಕ್ಕೆ ಹುಬ್ಬು ತುಟಿಗಳಷ್ಟನ್ನೇ ಬಿಟ್ಟರೂ ಆ ಹೆಂಗಸಿನ ಠೀವಿ ಪೂರ್ತಿಯಾಗಿ ಕಾಣುತ್ತಿತ್ತು. (ಅಂಥ ನಡುವಿಗೆ ಉಟ್ಟವರು ಒಳಗೆ ಕಾರ್ಸೆಟ್ ಬಿಗಿಯಬೇಕಿತ್ತು, ಕಾಗದದ ಮೇಲೆ ಒಂದು ಬಾಗು ಸಾಕಾಗುತ್ತಿತ್ತು.)

ಆದರೆ ಉಡುಪು ಕೊಳ್ಳುವವರಿಗೆ ಗುಂಡಿ, ಹೊಲಿಗೆ, ಬಟ್ಟೆಯ ನೇಯ್ಗೆ ಕಾಣಬೇಕಿತ್ತು. ಚಿತ್ರಕಾರರು ಉಡುಪಿಗಿಂತ ತಮ್ಮ ಗೆರೆಯನ್ನೇ ಹೆಚ್ಚು ಪ್ರೀತಿಸುತ್ತಾರೆಂಬ ಗೊಣಗು ಪ್ರಕಾಶಕರಲ್ಲಿ ಮೊದಲಿಂದಲೂ ಇತ್ತು, ಅದರಲ್ಲಿ ಸತ್ಯಾಂಶವೂ ಇತ್ತು. ಪ್ರದರ್ಶನದಲ್ಲಿ ಕಂಡ ಉಡುಪನ್ನು ನೆನಪಿನಿಂದ ಬರೆದು ನಕಲು ತಯಾರಕರಿಗೆ ಮಾರುವವರು ಎರಡು ಯುದ್ಧಗಳ ನಡುವಿನ ಕಾಲದಿಂದಲೇ ಇದ್ದುದರಿಂದ, ಪೆನ್ಸಿಲ್ ಹಿಡಿದು ಕುಳಿತ ಅಪರಿಚಿತರನ್ನು ಪ್ಯಾರಿಸಿನ ಉಡುಪು ವಿನ್ಯಾಸ ಸಂಸ್ಥೆಗಳು ಸಂಶಯದಿಂದಲೇ ನೋಡುತ್ತಿದ್ದವು. ಇದರ ಜೊತೆಗೆ ಹಳೆಯ ಚಿತ್ರಕಾರರೂ ಒಬ್ಬೊಬ್ಬರಾಗಿ ತೀರಿಕೊಂಡರು: 1949ರಲ್ಲಿ ಕ್ರಿಶ್ಚಿಯನ್ ಬೆರಾರ್, 1958ರಲ್ಲಿ ‘ಎರಿಕ್’ ಎಂಬ ಹೆಸರಿನಲ್ಲಿ ಚಿತ್ರ ಬರೆಯುತ್ತಿದ್ದ ಕಾರ್ಲ್ ಎರಿಕ್ಸನ್, 1963ರಲ್ಲಿ ರೆನೆ ಬೂಷೆ. ಅವರ ಪುಟಗಳು ಹೊಸ ಚಿತ್ರಕಾರರಿಗೆ ಹೋಗದೆ ಬಹುಮಟ್ಟಿಗೆ ಛಾಯಾಗ್ರಾಹಕರ ಪಾಲಾದವು. ಯಾವ ಸಂಪಾದಕರೂ ಚಿತ್ರಕಲೆ ಬೇಡವೆಂದು ಸಾರಲಿಲ್ಲ; ಸಂಚಿಕೆಯಿಂದ ಸಂಚಿಕೆಗೆ ಒಂದು ಪುಟ ಕಡಿಮೆಯಾದರೆ ಸಾಕಿತ್ತು.

ಗ್ರುವೋಗೆ ಜಾಹೀರಾತಿನ ಆಸರೆ ಸಿಕ್ಕಿತು. ಡಿಯೋರ್ ಸುಗಂಧಗಳಿಗೆ ದಶಕಗಳ ಕಾಲ ಚಿತ್ರ ಬರೆದ ಅವರು 2004ರಲ್ಲಿ ನಿಧನರಾದರು. 2010ರಲ್ಲಿ ಲಂಡನ್ನಿನ ಸಾಮರ್ಸೆಟ್ ಹೌಸ್ ಅವರ ಚಿತ್ರಗಳ ಪ್ರದರ್ಶನ ಏರ್ಪಡಿಸಿದಾಗ, ಒಂದು ಕಾಲಕ್ಕೆ ಸುಗಂಧದ ಬಾಟಲಿ ಮಾರಲೆಂದು ಬರೆದ ಚಿತ್ರಗಳನ್ನೂ ಜನ ಕಲೆಯೆಂದೇ ನೋಡಿದರು.