ಒಬ್ಬನೇ ಮನುಷ್ಯ, ಎರಡು ಹೆಸರು: ಪೊಲೀಸ್ ಕಂಪ್ಯೂಟರುಗಳ ಕಷ್ಟ

ಗುಂಡಿ ಒತ್ತಿದೊಡನೆ ಆರೋಪಿಯ ಜಾತಕವೆಲ್ಲ ಪರದೆಯ ಮೇಲೆ ಮೂಡುವುದನ್ನು ಸಿನಿಮಾಗಳಲ್ಲಿ ಕಂಡವರಿಗೆ, ಪೊಲೀಸ್ ಪಡೆಗಳ ಕಂಪ್ಯೂಟರುಗಳನ್ನು ಜೋಡಿಸುವುದೆಂದರೆ ಕೇಬಲ್ ಎಳೆಯುವ ಕೆಲಸವೆನಿಸಬಹುದು. ಕೇಬಲ್ ಯಾರು ಬೇಕಾದರೂ ಎಳೆದಾರು. ಎರಡು ಊರುಗಳ ಎರಡು ದಾಖಲೆಗಳು ಒಬ್ಬನೇ ಮನುಷ್ಯನವೆಂದು ಯಂತ್ರಕ್ಕೆ ತಿಳಿಯುವುದೇ ನಿಜವಾದ ತೊಡಕು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 43 ಪ್ರಾದೇಶಿಕ ಪೊಲೀಸ್ ಪಡೆಗಳಿವೆ. ಯಾರ್ಕ್‌ಷೈರ್‌ನ ಸರಣಿ ಹಂತಕ ಪೀಟರ್ ಸಟ್‌ಕ್ಲಿಫ್‌ನನ್ನು ತನಿಖೆಯ ಅವಧಿಯಲ್ಲಿ ಒಂಬತ್ತು ಬಾರಿ ವಿಚಾರಿಸಿ ಬಿಟ್ಟಿದ್ದರು. ಆಗ ತನಿಖೆಯ ದಾಖಲೆಗಳು ಕಾಗದದ ಕಾರ್ಡುಗಳಲ್ಲಿದ್ದವು; ಒಂದು ಕಾರ್ಡಿನಲ್ಲಿದ್ದ ಸಂಗತಿ ಇನ್ನೊಂದು ಕಾರ್ಡಿಗೆ ತಿಳಿಯಲೇ ಇಲ್ಲ. 1981ರ ಜನವರಿಯಲ್ಲಿ ಅವನು ಶೆಫೀಲ್ಡ್‌ನಲ್ಲಿ ಸಿಕ್ಕಿಬಿದ್ದದ್ದು, ಕಾರಿನ ನಂಬರ್ ಪ್ಲೇಟ್ ನಕಲಿಯೆಂಬ ಕಾರಣಕ್ಕೆ. ಹೋಮ್ಸ್ ಎಂಬ ಕಂಪ್ಯೂಟರ್ ತನಿಖಾ ವ್ಯವಸ್ಥೆ ಹುಟ್ಟಿದ್ದು ಈ ಪಾಠದಿಂದ.

2002ರಲ್ಲಿ ಸೋಹಮ್‌ನಲ್ಲಿ ಇಬ್ಬರು ಬಾಲಕಿಯರನ್ನು ಕೊಂದ ಇಯಾನ್ ಹಂಟ್ಲಿಯ ಮೇಲೆ ಹಂಬರ್‌ಸೈಡ್‌ನಲ್ಲಿ ಹಲವು ದೂರುಗಳು ಬಂದಿದ್ದವು. ಅವನು ಶಾಲೆಯ ಕೆಲಸಕ್ಕೆ ಸೇರುವಾಗ ಕೇಂಬ್ರಿಡ್ಜ್‌ಷೈರ್ ಪೊಲೀಸರು ರಾಷ್ಟ್ರೀಯ ಕಂಪ್ಯೂಟರಿನಲ್ಲಿ ಹುಡುಕಿದ್ದು ಅವನು ಆಗ ಬಳಸುತ್ತಿದ್ದ 'ನಿಕ್ಸನ್' ಎಂಬ ಹೆಸರನ್ನು ಮಾತ್ರ, ಹಂಟ್ಲಿ ಎಂಬ ಹಳೆಯ ಹೆಸರನ್ನಲ್ಲ. ಹಂಬರ್‌ಸೈಡ್‌ನವರು ತಮ್ಮ ದಾಖಲೆಗಳನ್ನೇ ಸರಿಯಾಗಿ ಕಾಪಾಡಿರಲಿಲ್ಲವೆಂಬುದೂ ಈ ಲೋಪಗಳ ಬಗ್ಗೆ ಸರ್ಕಾರ ನಡೆಸಿದ ಬಿಚರ್ಡ್ ವಿಚಾರಣೆಯಲ್ಲಿ ಹೊರಬಿತ್ತು. ಆ ವಿಚಾರಣೆಯ ಶಿಫಾರಸಿನ ಫಲವಾದ ರಾಷ್ಟ್ರೀಯ ಪೊಲೀಸ್ ದತ್ತಸಂಚಯ ಬಳಕೆಗೆ ಬಂದದ್ದು 2011ರಲ್ಲಿ.

ಇನ್ನು ನನಗೆ ಅತ್ಯಂತ ಪ್ರಿಯವಾದ ಭಾಗ. 1918ರಲ್ಲಿ ರಾಬರ್ಟ್ ರಸೆಲ್ ಪೇಟೆಂಟ್ ಪಡೆದ, ಮುಂದೆ ಸೌಂಡೆಕ್ಸ್ ಎಂದು ಹೆಸರಾದ ವಿಧಾನ ಹೆಸರಿನ ಮೊದಲಕ್ಷರವನ್ನು ಉಳಿಸಿಕೊಂಡು, ಮುಂದಿನ ಸ್ವರಗಳನ್ನು ಬಿಟ್ಟು, ವ್ಯಂಜನಗಳಿಗೆ ಅಂಕಿ ಕೊಡುತ್ತದೆ. ಕಾಗುಣಿತವನ್ನೆಲ್ಲ ಕಳಚಿ ಮೂಲಾಕ್ಷರಗಳನ್ನಷ್ಟೇ ಇಟ್ಟುಕೊಂಡಂತೆ ಎನ್ನಬಹುದು. ಮಾಂಸ ಕರಗಿದ ಮೇಲೂ ಎಲುಬಿನ ಗೂಡಿನಿಂದ ಗುರುತು ಹಿಡಿದಂತೆ ಎಂದರೂ ಸರಿಯೇ. ಬಿ, ಎಫ್, ಪಿ, ವಿ ಅಕ್ಷರಗಳು ತುಟಿಯಲ್ಲಿ ಹುಟ್ಟುವುದರಿಂದ ನಮ್ಮ ಪವರ್ಗದಂತೆ ಒಂದೇ ಗುಂಪಾಗಿ 1 ಎಂಬ ಅಂಕಿ ಪಡೆಯುತ್ತವೆ. ಎಂ ಅಕ್ಷರಕ್ಕೆ 5, ಟಿ ಮತ್ತು ಡಿಗೆ 3, ಖಾಲಿ ಉಳಿದ ಜಾಗಕ್ಕೆ ಸೊನ್ನೆ. ಹೀಗಾಗಿ ಸ್ಮಿತ್, ಸ್ಮೈತ್, ಶ್ಮಿಟ್ ಮೂರೂ ಎಸ್530 ಆಗುತ್ತವೆ. ಆದರೆ ಹಂಟ್ಲಿಯನ್ನು ನಿಕ್ಸನ್ ಆಗಿಸುವ ಶಕ್ತಿ ಇದಕ್ಕಿಲ್ಲ. ಅದಕ್ಕೆ ಹಳೆಯ ಹೆಸರನ್ನು ಬರೆದಿಟ್ಟಿರಬೇಕು, ಅದನ್ನೂ ಹುಡುಕಿರಬೇಕು.

ಹೆಸರೊಂದೇ ಸಾಲದೆಂದು 1969ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಐವನ್ ಫೆಲ್ಲೆಗಿ ಮತ್ತು ಅಲನ್ ಸಂಟರ್ ತೂಕದ ಲೆಕ್ಕವನ್ನು ಸಿದ್ಧಾಂತವಾಗಿಸಿದರು. ಜನ್ಮದಿನ ಹೊಂದಿದರೆ ತಕ್ಕಡಿಗೆ ದೊಡ್ಡ ಕಲ್ಲು, ಎಲ್ಲೆಡೆ ಸಿಗುವ ಹೆಸರು ಹೊಂದಿದರೆ ಸಣ್ಣ ಕಲ್ಲು, ಅಪರೂಪದ ಹೆಸರು ಹೊಂದಿದರೆ ಮತ್ತೆ ದೊಡ್ಡದು. ಒಟ್ಟು ತೂಕ ಮೇಲಿನ ಗೆರೆ ದಾಟಿದರೆ ದಾಖಲೆಗಳನ್ನು ಬೆಸೆಯುತ್ತಾರೆ, ಕೆಳಗಿನ ಗೆರೆಯನ್ನೂ ಮುಟ್ಟದಿದ್ದರೆ ಬೇರೆಯಾಗಿಡುತ್ತಾರೆ. ಮೇಲಿನ ಗೆರೆಯನ್ನು ತೀರ ಕೆಳಗೆಳೆದರೆ ನಿರಪರಾಧಿಯೊಬ್ಬನ ಕಡತಕ್ಕೆ ಬೇರೆಯವನ ಅಪರಾಧ ಅಂಟಿಕೊಳ್ಳುತ್ತದೆ. ಆದ್ದರಿಂದಲೇ ಎರಡು ಗೆರೆಗಳ ನಡುವೆ ಬಿದ್ದ ಜೋಡಿಗಳನ್ನು ಈ ಸಿದ್ಧಾಂತವೂ ಯಂತ್ರಕ್ಕೆ ಬಿಡದೆ, ಎರಡೂ ದಾಖಲೆಗಳನ್ನು ಮುಂದಿಟ್ಟುಕೊಂಡು ಓದುವ ಗುಮಾಸ್ತನಿಗೆ ವಹಿಸುತ್ತದೆ.